ಟಿಗ್ ವೆಲ್ಡಿಂಗ್ ಅಂದ್ರ ಏನು? ಬೀಡ್ ಕಪ್ಪಾಗೂದು ಯಾಕ?

ಬೆಳಗಾವಿ ಉದ್ಯಮಬಾಗದಾಗ ರಾಡ್ ವೆಲ್ಡಿಂಗ್ ಮಾಡ್ತೀರಿ, ಈಗ 2 ಎಂಎಂ ಸ್ಟೇನ್‌ಲೆಸ್ ಟ್ಯಾಂಕಿಗೆ ಟಿಗ್ ಹಿಡಿದೀರಿ, ಬೀಡ್ (ಬೆಸುಗಿ ಗೆರಿ) ಕಪ್ಪಾಗ್ತದ, ಟಂಗ್‌ಸ್ಟನ್ ತುದಿ ಗುಂಡಗಾಗ್ತದ ಅಂತ ಕೇಳೀರಿ. ಎರಡಕ್ಕೂ ಕಾರಣ ಬೇರೆ ಬೇರೆ.

ರಾಡ್ ವೆಲ್ಡಿಂಗ್‌ನಾಗ ರಾಡೇ ಕರಗಿ ಜೋಡಾಗ್ತದ, ಅದರ ಮ್ಯಾಲಿನ ಫ್ಲಕ್ಸ್ ಲೇಪ ಗಾಳಿ ತಡೀತದ. ಟಿಗ್ (ಟಂಗ್‌ಸ್ಟನ್ ಇನರ್ಟ್ ಗ್ಯಾಸ್) ಒಳಗ ಕೈಯಾಗ ಹಿಡಿಯೂ ಟಾರ್ಚಿನ ತುದಿಗಿರೂ ಟಂಗ್‌ಸ್ಟನ್ ಲೋಹದ ಕಡ್ಡಿ ಕರಗಬಾರದು, ಬರೇ ಆರ್ಕ್ (ವಿದ್ಯುತ್ ಕಿಡಿ) ಹಿಡೀಬೇಕು. ಅದು ಕರಗೂದು 3,422 ಡಿಗ್ರಿಗೆ. ಕರಗಿ ಜೋಡಾಗೂ ತಂತಿ, ಅಂದ್ರ ಫಿಲ್ಲರ್, ಇನ್ನೊಂದು ಕೈಯಿಂದ ಕೊಡೂದು. ಫ್ಲಕ್ಸ್ ಇಲ್ಲ, ಟಾರ್ಚಿನ ಬಾಯಿಗಿರೂ ಕಪ್‌ನಿಂದ ಬರೂ ಆರ್ಗಾನ್ ಗ್ಯಾಸ್ ಒಂದೇ ಕಾವಲು.

ತುದಿ ಗುಂಡಗಾದ್ರ ಮೊದಲು ಕೇಬಲ್ ನೋಡ್ರಿ. ರಾಡ್ ವೆಲ್ಡಿಂಗ್‌ನಾಗ ಹೋಲ್ಡರ್ ಪ್ಲಸ್‌ಗೆ ಹಚ್ಚೂ ರೂಢಿಯಾಗಿರ್ತದ. ಟಾರ್ಚ್ ಅಲ್ಲೇ ಹಚ್ಚಿದ್ರ ಶಾಖದ ದೊಡ್ಡ ಪಾಲು ಟಂಗ್‌ಸ್ಟನ್‌ಗೇ ಹೋಗ್ತದ. ಟಾರ್ಚ್ ಮೈನಸ್‌ಗೆ, ಅರ್ಥ್ ಪ್ಲಸ್‌ಗೆ ಹಚ್ಚರಿ. (ಅಲ್ಯೂಮಿನಿಯಂಗೆ ಎಸಿ ಕರೆಂಟ್ ಬೇಕು, ಅದರ ಮ್ಯಾಲಿನ ಆಕ್ಸೈಡ್ ಪದರ ಒಡೀಲಿಕ್ಕೆ.) ತುದಿ ಪೆನ್ಸಿಲ್‌ನಂಗ ಚೂಪ ಮಾಡ್ರಿ, ಗ್ರೈಂಡಿಂಗ್ ಗೆರಿ ಉದ್ದಕ್ಕ ಇರಬೇಕು, ಸುತ್ತ ಇದ್ರ ಆರ್ಕ್ ಅತ್ತಿತ್ತ ಓಡ್ತದ. ಕೆಂಪು ಬಣ್ಣದ ಥೋರಿಯಂ ಟಂಗ್‌ಸ್ಟನ್ ಪುಡಿ ವಿಕಿರಣಶೀಲ, ಉಸಿರಿಗೆ ಹೋಗಬಾರದು. ಬೂದು ಬಣ್ಣದ್ದೇ ತರ್ರಿ ಅಂತೀನಿ.

ನಿಮ್ಮ ಕೆಲಸಕ್ಕ 1.6 ಎಂಎಂ ಟಂಗ್‌ಸ್ಟನ್, 60ರಿಂದ 80 ಆಂಪ್ಸ್, ಗ್ಯಾಸ್ ನಿಮಿಷಕ್ಕ 8 ಲೀಟರ್. ತಗಡು 304 ದರ್ಜೆಯ ಸ್ಟೇನ್‌ಲೆಸ್ ಇದ್ರ ಫಿಲ್ಲರ್ 308ಎಲ್ ದರ್ಜೆದು. ತುದಿ ತಗಡಿನಿಂದ 2 ಎಂಎಂ ಮ್ಯಾಲೆ ಇರಲಿ, ಟಾರ್ಚ್ 15 ಡಿಗ್ರಿ ಹಿಂದಕ್ಕ ವಾಲಲಿ. ಮೊದಲು ಕರಗಿದ ಲೋಹದ, ಕನ್ನಡಿಯಂಗ ಹೊಳಿಯೂ ಸಣ್ಣ ಕೊಳ ಆಗಬೇಕು. ಅದರ ಮುಂದಿನ ಅಂಚಿಗೆ ಫಿಲ್ಲರ್ ಮುಟ್ಟಿಸಿ ತೆಗೀರಿ, ಟಾರ್ಚ್ ಸ್ವಲ್ಪ ಸರಸ್ರಿ. ಫಿಲ್ಲರಿನ ಬಿಸಿ ತುದಿ ಗ್ಯಾಸಿನ ಹೊರಗ ಎಳದ್ರ ಅದಕ್ಕೂ ಆಕ್ಸೈಡ್ ಹತ್ತಿ, ಮುಂದಿನ ಸಲ ಕೊಳಕ್ಕ ಇಳೀತದ.

ಕಪ್ಪು ಬೀಡ್ ಅಂದ್ರ ಗಾಳಿ ಒಳಗ ಬಂದದ, ಇಲ್ಲಾ ಶಾಖ ಮಿತಿ ಮೀರೇದ. ಬಂಗಾರ ಬಣ್ಣ ಬಂದ್ರ ಛಲೋ, ನೀಲಿ ಸ್ವಲ್ಪ ಜಾಸ್ತಿ ಬಿಸಿ. ಗ್ಯಾಸ್ ಭಾಳ ಏರಿಸಿದ್ರ ಕಾವಲು ಗಟ್ಟಿ ಆಗೂದಿಲ್ಲ. ಹರಿವು ಸುಳಿಯಾಗಿ ಗಾಳೀನೇ ಒಳಗ ಎಳೀತದ. ಮಳೆಗಾಲದ ಬೀಸುಗಾಳ್ಯಾಗ ಶಟರ್ ಇಳಸ್ರಿ, ಫ್ಯಾನ್ ಮುಖ ಬ್ಯಾರೆ ಕಡೆ ತಿರುಗಸ್ರಿ, ಆದ್ರ ಮೇಲಿನ ಕಿಟಕಿ ತೆರೆದಿರಲಿ. ತಗಡು, ಫಿಲ್ಲರ್ ಎರಡೂ ಅಸಿಟೋನ್‌ನಿಂದ ಒರೆಸಿ, ಪೂರ್ತಿ ಆರಿದ ಮ್ಯಾಲೆ ಆರ್ಕ್ ಹಚ್ಚರಿ. ಆರ್ಕ್ ಆರಿದ ಮ್ಯಾಲೂ 8 ಸೆಕೆಂಡ್ ಟಾರ್ಚ್ ಅಲ್ಲೇ ಹಿಡೀರಿ, ಗ್ಯಾಸ್ ಹರೀತಿರಲಿ.

ಟ್ಯಾಂಕಿನ ಒಳಮೈ ಸಕ್ಕರಿ ಹರಳಿನಂಗ ಉದುರುಉದುರಾದ್ರ ಹಿಂದಿನಿಂದಲೂ ಆರ್ಗಾನ್ ಬಿಡಬೇಕು. ಹಾಲು, ಕುಡಿಯೂ ನೀರಿನ ಟ್ಯಾಂಕಿನಾಗ ಈ ಉದುರು ಉಳೀಗೊಡಬ್ಯಾಡ್ರಿ, ಆ ಉದುರಿನಾಗೇ ಹೊಲಸು ಕೂತು ತುಕ್ಕು ಶುರುವಾಗ್ತದ.