‘ನುಡಿ’ ತಂತ್ರಾಂಶದೊಳಗಿನ ಕಾದಂಬರಿ ಗೂಗಲ್ ಡಾಕ್ಸ್‌ನಾಗ ಕಿಚಡಿ ಆಗಿದ್ದಕ್ಕ

ಹುಬ್ಬಳ್ಳಿ ಡಿಟಿಪಿ ಅಂಗಡಿಯವರು ಟೈಪ್ ಮಾಡಿಕೊಟ್ಟ ನಿಮ್ಮ ಕಾದಂಬರಿ ಗೂಗಲ್ ಡಾಕ್ಸ್‌ಗೆ ಹಾಕಿದ ಕೂಡ್ಲೇ ಕೊಂಬು-ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರ ಆಗೇತಿ ಅಂದ್ರ, ಅದು ಬಹುತೇಕ ‘ನುಡಿ’ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಆಸ್ಕಿ ಫಾಂಟಿಂದು. ಬರದದ್ದು ಹಾಳಾಗಿಲ್ಲ. ಆ ಫಾಂಟ್ ಇಂಗ್ಲಿಷ್ ಅಕ್ಷರಕ್ಕ ಕನ್ನಡದ ಸೋಗು ಹಾಕಿರ್ತೈತಿ, ಡಾಕ್ಸ್‌ನಾಗ ಸೋಗು ಕಳಚಿತು, ಅಷ್ಟ. ಫೈಲ್ ನಾ ನೋಡಿಲ್ಲ. ವರ್ಡ್‌ನಾಗ ತೆಗದು ಫಾಂಟ್ ಹೆಸರು ನೋಡ್ರಿ. ಶ್ರೀಲಿಪಿ ಅನ್ನೋ ಬ್ಯಾರೆ ತಂತ್ರಾಂಶದ ಫಾಂಟ್ ಇದ್ರ ಅದರದ್ದೇ ಪರಿವರ್ತಕ ಬೇಕು.

ನುಡಿನೇ ಆಗಿದ್ರ, ಮೊದ್ಲು ಫೈಲಿನ ನಕಲು ಇಟ್ಕೊಳ್ರಿ. ಆಮ್ಯಾಲೆ ಪರಿವರ್ತಕದಾಗ ಒಂದೇ ಅಧ್ಯಾಯ ಹಾಕಿ ಆಸ್ಕಿಯಿಂದ ಯೂನಿಕೋಡ್‌ಗೆ, ಅಂದ್ರ ಎಲ್ಲಾ ಕಡೆ ಕನ್ನಡವಾಗೇ ಕಾಣೋ ಸಂಕೇತಕ್ಕ, ತಿರುಗಿಸ್ರಿ. ಪೂರಾ ಕಾದಂಬರಿ ಒಮ್ಮೆಲೇ ಬ್ಯಾಡ. ಅರ್ಕಾವತ್ತಿನ ಶಬ್ದ ಒಂದೊಂದ ಓದ್ರಿ: ಸೂರ್ಯ, ಮರ್ಯಾದಿ, ದರ್ಗಾ. ನುಡಿಯೊಳಗ ಅರ್ಕಾವತ್ತು ಅಕ್ಷರ ಆದಮ್ಯಾಲೆ ಕುಂತಿರ್ತೈತಿ, ಯೂನಿಕೋಡ್‌ನಾಗ ಅಕ್ಷರಕ್ಕಿಂತ ಮೊದ್ಲು ಬರಬೇಕು, ಪರಿವರ್ತಕ ಎಡವೋದು ಅಲ್ಲೇ. ನಡುವ ಇಂಗ್ಲಿಷ್ ಲಿಪಿ ಇದ್ರ ಅದೂ ಕನ್ನಡದ ಕಲಸುಮೇಲೋಗರ ಆಗ್ತೈತಿ. ನನ್ನ ಕಥಿಯೊಳಗ ಮಗ ಅವ್ವಗ ಕಳಿಸಿದ ಇಂಗ್ಲಿಷ್ ಮೆಸೇಜುಗಳನ್ನೆಲ್ಲಾ ಮತ್ತ ಟೈಪ್ ಮಾಡಬೇಕಾತು.

ಅಧ್ಯಾಯ ಹಿಂದ-ಮುಂದ ಮಾಡೋದು ಕೇಳಿದ್ರಿ. ಪ್ರತಿ ಅಧ್ಯಾಯದ ಹೆಸರಿಗೆ ‘ಹೆಡಿಂಗ್ 1’ ಕೊಡ್ರಿ, ಎಡಕ್ಕ ಪಟ್ಟಿ ತಾನ ಬರ್ತೈತಿ, ಯಾವ ಅಧ್ಯಾಯ ಎಲ್ಲೈತಿ ತಿಳೀತೈತಿ. ಯಾವ ದಿನ, ಯಾರಿದ್ರು ಅನ್ನೋದಕ್ಕ ಬ್ಯಾರೆ ಶೀಟ್ ಇಡ್ರಿ. ಇಲ್ಲಾಂದ್ರ ಮೂರನೇ ಅಧ್ಯಾಯದಾಗ ಸತ್ತ ಕಾಕಾ ಒಂಬತ್ತರಾಗ ಗಿರಮಿಟ್ ತಿಂತಿರ್ತಾನ. ದೊಡ್ಡ ತಿದ್ದುಪಡಿಗಿಂತ ಮೊದ್ಲು ‘ವರ್ಷನ್ ಹಿಸ್ಟರಿ’ಯೊಳಗ ಆವತ್ತಿನ ಪ್ರತಿಗೆ ಒಂದು ಹೆಸರು ಕೊಟ್ಟಿಡ್ರಿ.