ನಿಮ್ಮ ಜೇಡಕ್ಕೆ ಜೀವಭಯವೇ ಇಲ್ಲ

ನಮಸ್ಕಾರ.

ಇರುವೆಗಳ ಕಂಪ್ಯೂಟರ್ ತಂತ್ರದಾಟವೊಂದಕ್ಕೆ ಶತ್ರು ಜೇಡಗಳನ್ನು ರೂಪಿಸಿದ ಬಗೆ ಕುರಿತು ನೀವು ಮಂಡ್ಯದಿಂದ ಕಳಿಸಿದ ಲೇಖನ ಓದಿದೆ. ಭಾಷೆ ಸಲೀಸಾಗಿದೆ, ವಿಷಯ ಹೊಸತು, ರಾಣಿಯ ಮೊಟ್ಟೆಗೂ ಕೂಡಿಟ್ಟ ಆಹಾರಕ್ಕೂ ಹಾಕಿದ ಲೆಕ್ಕ ಒಪ್ಪುವಂತಿದೆ. ಆದರೆ ಮೂರನೆಯ ಪುಟದ ಜೇಡ ನನ್ನನ್ನು ಕೆರಳಿಸಿತು. ಈ ಪತ್ರ ಪೂರ್ತಿ ಅದರ ಮೇಲೇ.

‘ಭಯಂಕರ ಜೇಡ ಇರುವೆ ಸಾಲಿಗೆ ನುಗ್ಗಿ ಸಿಕ್ಕಸಿಕ್ಕವನ್ನೆಲ್ಲ ಕೊಲ್ಲುತ್ತದೆ’ ಎಂದು ಬರೆದಿದ್ದೀರಿ. ಯಾವ ಜೇಡ? ಬಲೆಯದ್ದು ಎಳೆಗಳ ಮೇಲೆ ಕಾಲಿಟ್ಟು ಅವು ಅದುರುವುದಕ್ಕೆ ಕಾಯುತ್ತದೆ. ಜಿಗಿಯುವ ಜೇಡ ಮುಂದಿನ ಎರಡು ದೊಡ್ಡ ಕಣ್ಣುಗಳನ್ನು ನಂಬುತ್ತದೆ. ನೀವು ಎರಡಕ್ಕೂ ‘ಮೂವತ್ತು ಚೌಕದ ನೋಟ’ ಕೊಟ್ಟು ಕೈತೊಳೆದುಕೊಂಡಿದ್ದೀರಿ. ಇನ್ನು ‘ಭಯಂಕರ’. ನಾನು ಈ ಕೆಲಸ ಕಲಿಯುವಾಗ ಹಿರಿಯ ಸಂಪಾದಕರು ಇಂಥ ಪದ ಕಂಡಲ್ಲೆಲ್ಲ ಅಂಚಿನಲ್ಲಿ ‘ಎಷ್ಟು?’ ಎಂದು ಗೀಚಿ ಪ್ರತಿ ವಾಪಸ್ ಕೊಡುತ್ತಿದ್ದರು. ನಾನೂ ಅದನ್ನೇ ಕೇಳುತ್ತೇನೆ.

ಸಾಲಿಗೆ ನುಗ್ಗುವುದು ಜೇಡಕ್ಕೆ ಸಾವು. ಎಲೆ ಹೆಣೆದು ಗೂಡು ಕಟ್ಟುವ ಕೆಂಜಿಗ ಇರುವೆಗೆ ಚುಚ್ಚುವ ಕೊಂಡಿಯಿಲ್ಲ. ಕಚ್ಚಿ ಹಿಡಿದು ಫಾರ್ಮಿಕ್ ಆಮ್ಲ ಚಿಮ್ಮಿಸುತ್ತದೆ. ಒಂದು ಕಾಲು ಸಿಕ್ಕಿತೆಂದರೆ ಉಳಿದವು ಬಂದು ದಿಕ್ಕಿಗೊಂದರಂತೆ ಎಳೆಯುತ್ತವೆ. ಆದ್ದರಿಂದ ದಾಳಿಗೆ ಮುಂಚೆ ಜೇಡ ಎಣಿಸಲಿ: ತನ್ನ ಮೂರು ಮೈಯುದ್ದದೊಳಗೆ ಒಂದೇ ಇರುವೆ ಇದ್ದರೆ ಹಿಡಿಯಲಿ, ಮೂರಾದರೆ ಓಡಲಿ. ಎರಡಿದ್ದರೆ? ಮಾಡುತ್ತಿದ್ದುದನ್ನೇ ಮುಂದುವರಿಸಲಿ. ಈ ನಡುವಿನ ಅಂತರ ಬಿಡದೆ ಒಂದೇ ಗಡಿ ಇಟ್ಟರೆ ಜೇಡ ಪ್ರತಿ ಫ್ರೇಮಿಗೂ, ಅಂದರೆ ಪರದೆಯ ಚಿತ್ರ ಬದಲಾದಾಗಲೆಲ್ಲ, ಹಿಂದೆಮುಂದೆ ಅದುರುತ್ತ ನಿಲ್ಲುತ್ತದೆ. ನೀವು ಐದನೆಯ ಪುಟದಲ್ಲಿ ‘ಯಾಕೋ ನಡುಗುತ್ತದೆ’ ಎಂದಿರುವುದಕ್ಕೆ ಕಾರಣ ಬಹುಶಃ ಇದೇ.

ಎಣಿಕೆಗಾಗಿ ಎಲ್ಲವನ್ನೂ ಎಲ್ಲದರ ಜೊತೆ ಹೋಲಿಸಬೇಡಿ. 500 ಇರುವೆಗಳು ಪರಸ್ಪರ ನೋಡಿಕೊಂಡರೆ ಒಂದು ಫ್ರೇಮಿಗೆ 2.5 ಲಕ್ಷ ಹೋಲಿಕೆ. ನೆಲವನ್ನು ಚೌಕಗಳಾಗಿ ಹಂಚಿ, ತನ್ನ ಚೌಕ ಮತ್ತು ಸುತ್ತಲಿನ ಎಂಟನ್ನು ಮಾತ್ರ ನೋಡಿದರೆ ಸಾಕು.

‘ಜೇಡ ಹೋದಮೇಲೂ ಇರುವೆಗಳು ಅಲ್ಲೇ ಸುತ್ತುತ್ತವೆ, ಇದು ಅವುಗಳ ಸೇಡು.’ ಸೇಡಲ್ಲ ಸ್ವಾಮಿ, ವಾಸನೆಯ ಲೆಕ್ಕ ತಪ್ಪಿದೆ. ಇರುವೆ ಸುಳಿವಿಗೆಂದು ಬಿಡುವ ವಾಸನೆಯೇ ಫೆರೊಮೋನ್. ಆಹಾರದ ದಾರಿಯ ಫೆರೊಮೋನಿಗೂ ಅಪಾಯದ ಫೆರೊಮೋನಿಗೂ ಒಂದೇ ಆರುವ ವೇಗ ಇಟ್ಟಿದ್ದೀರಿ. ಅಪಾಯದ್ದು ಬೇಗ ಹಬ್ಬಿ ಬೇಗ ಆರಬೇಕು. ಇಲ್ಲದಿದ್ದರೆ ಮೇವು ತರುವವೆಲ್ಲ ಖಾಲಿ ಜಾಗಕ್ಕೆ ಮುತ್ತಿಕೊಂಡು ಗೂಡು ಹಸಿಯುತ್ತದೆ. ಅಪಾಯದ ವಾಸನೆಯಲ್ಲೂ ಹಂತಗಳಿವೆ. ಆಫ್ರಿಕಾದ ಕೆಂಜಿಗದಲ್ಲಿ ಬೇಗ ಹಾರಿಹೋಗುವ ಹೆಕ್ಸನಾಲ್ ಎಂಬ ರಾಸಾಯನಿಕ ಮೊದಲು ಎಚ್ಚರಿಸುತ್ತದೆ, ಹೆಕ್ಸನಾಲ್ ಕೊಟ್ಟ ಎಚ್ಚರದ ಮೇಲೆ ಹೆಕ್ಸನೋಲ್ ಎಂಬ ಇನ್ನೊಂದು ಹತ್ತಿರಕ್ಕೆ ಕರೆಯುತ್ತದೆ, ನಿಧಾನಕ್ಕೆ ಆರುವ ಸಂಯುಕ್ತಗಳು ಕಚ್ಚಲು ಹಚ್ಚುತ್ತವೆ. ಆಟಕ್ಕೆ ಎರಡು ಹಂತ ಸಾಕು.

ನನಗೆ ನಿಜವಾಗಿ ರುಚಿಸಿದ್ದು ಇರುವೆಯ ವೇಷದ ಜೇಡ. ಅದನ್ನೇ ಕೆಡಿಸಿದ್ದೀರಿ ಎಂದು ಸಿಟ್ಟು. ‘ಕೆಂಜಿಗದಂತೆ ಕಾಣುವ ಜಿಗಿಯುವ ಜೇಡ ಗೂಡಿಗೆ ನುಸುಳಿ ಇರುವೆಗಳನ್ನು ತಿನ್ನುತ್ತದೆ’ ಎಂಬ ಒಂದೇ ಸಾಲಿನಲ್ಲಿ ಎರಡು ಜೀವಿಗಳು ಕಲಸಿಹೋಗಿವೆ. ಮಿರ್ಮಪ್ಲಾಟ ಎಂಬ ಜಿಗಿಯುವ ಜೇಡ ಮುಂಗಾಲನ್ನು ಇರುವೆಯ ಮೀಸೆಯಂತೆ ಆಡಿಸುತ್ತ ಕೆಂಜಿಗಗಳ ಆಸುಪಾಸಿನಲ್ಲೇ ಬದುಕುತ್ತದೆ, ಆದರೆ ಅವು ಹತ್ತಿರ ಬಂದರೆ ಸರಿದು ನಿಲ್ಲುತ್ತದೆ. ಅದರ ವೇಷ ಇರುವೆ ಕಂಡರೆ ದೂರ ಹೋಗುವ ಬೇಟೆಗಾರರಿಗಾಗಿ. ಕೆಂಜಿಗವನ್ನು ತಿನ್ನುವುದು ಅಮಿಸಿಯಾ ಎಂಬ ಏಡಿ ಜೇಡ: ಗುಂಪು ಬಿಟ್ಟ ಒಂಟಿ ಇರುವೆಯನ್ನು ಹಿಂದಿನಿಂದ ಕಚ್ಚಿ, ನೂಲು ಬಿಟ್ಟು ಇಳಿದು, ಉಳಿದವಕ್ಕೆ ಎಟುಕದಂತೆ ನೇತಾಡುತ್ತ ತಿನ್ನುತ್ತದೆ. ನಿಮ್ಮ ಆಟದಲ್ಲಿ ಎರಡೂ ಇರಲಿ. ಆಟಗಾರ ಮೊದಲನೆಯದಕ್ಕೆ ಸೈನಿಕರನ್ನು ಅಟ್ಟಿ ದಂಡ ಮಾಡಿಕೊಳ್ಳಲಿ.

‘ಇರುವೆಯ ಅನಿಮೇಶನ್‌ಗೇ ಇನ್ನೊಂದು ಜೊತೆ ಕಾಲು ಸೇರಿಸಿದೆ.’ ಇದನ್ನು ಹೊಡೆದು ಹಾಕಿದ್ದೇನೆ. ಇರುವೆ ಎಡದ ಮುಂದಿನದು, ಹಿಂದಿನದು, ಬಲದ ನಡುವಿನದು, ಹೀಗೆ ಮೂರು ಕಾಲು ಒಟ್ಟಿಗೆ ಎತ್ತುತ್ತದೆ. ಜೇಡ ಸಾಮಾನ್ಯವಾಗಿ ಎಡದ 1, 3 ಮತ್ತು ಬಲದ 2, 4 ಎತ್ತಿ, ಆಮೇಲೆ ಉಳಿದ ನಾಲ್ಕನ್ನು ಎತ್ತುತ್ತದೆ. ಕಾಲಿನ ಮುಖ್ಯ ಕೀಲುಗಳನ್ನು ಚಾಚುವುದು ಸ್ನಾಯುವಲ್ಲ, ಒಳಗಿನ ದ್ರವದ ಒತ್ತಡ. ಸತ್ತ ಜೇಡದ ಕಾಲು ಮಡಚಿಕೊಳ್ಳುವುದು ಅದಕ್ಕೇ. ನಿಮ್ಮ ಸತ್ತ ಜೇಡ ಕಾಲು ಚಾಚಿ ಮಲಗಿದೆ.

ಮೈಸೂರಿಗೆ ಬಂದಾಗ ಕುಕ್ಕರಹಳ್ಳಿ ಕೆರೆ ಏರಿಯ ಮರಗಳಲ್ಲಿ, ಇಲ್ಲವೇ ನಿಮ್ಮೂರಿನ ಯಾವುದಾದರೂ ಮಾವಿನ ಮರದಲ್ಲಿ ಕೆಂಜಿಗದ ಗೂಡು ಹುಡುಕಿ ಅರ್ಧ ಗಂಟೆ ವಿಡಿಯೊ ಮಾಡಿ. ಆಮೇಲೆ ಜೇಡದ ಕಾಯುವಿಕೆ, ಎಣಿಕೆ, ಹಿಡಿತ, ಓಟ ಇವಿಷ್ಟನ್ನು ಒಂದು ಪುಟದ ನಕ್ಷೆ ಮಾಡಿ, ಪ್ರತಿ ಬಾಣದ ಮೇಲೂ ಸಂಖ್ಯೆ ಬರೆದು, ಮೂರರಿಂದ ಆರನೆಯ ಪುಟದವರೆಗೆ ಮಾತ್ರ ತಿದ್ದಿ ಕಳಿಸಿ.