ಆಟಿಸಂ ಇರುವ ಕಲಾವಿದರಿಂದ ಆಪೆರಾ (ಪಾಶ್ಚಾತ್ಯರ ಸಂಗೀತ ನಾಟಕ) ಬದಲಾಗಿದ್ದು ನಿಜವೇ? ಶಿರಸಿಯಲ್ಲಿ ಕೂತು ನಮಗೆ ಅದು ರುಚಿಸುತ್ತದೆಯೇ?

ಖಂಡಿತ ನಿಜ. ಅಮೆರಿಕದ ಕವಿ ಕ್ರಿಸ್ಟೋಫರ್ ನೋಲ್ಸ್ ಅವರನ್ನೇ ನೋಡಿ. ಹುಡುಗನಾಗಿದ್ದಾಗಲೇ ಒಂದೇ ಮಾತನ್ನು ಸ್ವಲ್ಪ ಸ್ವಲ್ಪ ಬದಲಿಸುತ್ತಾ ಟೇಪಿನಲ್ಲಿ ಕವಿತೆ ಕಟ್ಟುತ್ತಿದ್ದರು. ಆ ಟೇಪು ಅಮೆರಿಕದ ನಿರ್ದೇಶಕ ರಾಬರ್ಟ್ ವಿಲ್ಸನ್ ಕೈಗೆ ಸಿಕ್ಕಿತು. ಅವರು ಹುಡುಗನನ್ನು ತಿದ್ದಲು ಹೋಗದೆ ಜೊತೆಯಲ್ಲಿ ಕೆಲಸಕ್ಕೆ ಕರೆದರು. ನನಗೆ ತುಂಬಾ ಹಿಡಿಸಿದ್ದು ಇದೇ.

1976ರಲ್ಲಿ ಫ್ರಾನ್ಸಿನ ಅವಿನ್ಯೋನ್‌ನಲ್ಲಿ ‘ಐನ್‌ಸ್ಟೈನ್ ಆನ್ ದ ಬೀಚ್’ ಎಂಬ ಆಪೆರಾ ವಿಲ್ಸನ್ ನಿರ್ದೇಶನದಲ್ಲಿ ರಂಗಕ್ಕೆ ಬಂತು. ಸಂಗೀತ ಫಿಲಿಪ್ ಗ್ಲಾಸ್ ಅವರದು. ಮಾತುಗಳಲ್ಲಿ ಹೆಚ್ಚಿನವು 17 ವರ್ಷದ ನೋಲ್ಸ್ ಬರೆದದ್ದು. ಕೋರ್ಟು-ಜೈಲಿನ ದೃಶ್ಯದಲ್ಲಿ ಒಂದು ಭಾಗವಿದೆ: ನ್ಯೂಯಾರ್ಕ್ ರೇಡಿಯೋ ನಿರೂಪಕರ ಹೆಸರು, ಯಾರದ್ದು ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ಎಂಬ ವೇಳಾಪಟ್ಟಿ. ಅದನ್ನೇ ಹೇಳುತ್ತಾ ಹೋದಂತೆ ಅರ್ಥ ಹಿಂದೆ ಸರಿದು ಲಯ ಮುಂದೆ ಬರುತ್ತದೆ. ಗ್ಲಾಸ್ ಸಂಗೀತವೂ ಹಾಗೇ, ಸಣ್ಣ ತುಣುಕು ಮರುಕಳಿಸುತ್ತಲೇ ಬೆಳೆಯುತ್ತದೆ. ಅದಕ್ಕೇ ಎರಡೂ ಅಷ್ಟು ಚೆನ್ನಾಗಿ ಕೂಡಿಕೊಂಡವು. (ಗಾಯಕರು ಒಂದು, ಎರಡು, ಮೂರು ಎಂದು ಅಂಕಿ ಹಾಡುವುದು ಮಾತ್ರ ಗ್ಲಾಸ್ ಅವರದೇ.)

ಇನ್ನು ಶಿರಸಿಯವರಿಗೆ ರುಚಿಸುತ್ತದೆಯೇ ಎಂಬ ಮಾತು. ನಮಗೇ ಬೇಗ ರುಚಿಸಬೇಕು! ಸುಮಾರು 5 ಗಂಟೆಯ ಆಪೆರಾ, ವಿರಾಮವಿಲ್ಲ, ಬೇಕಾದಾಗ ಎದ್ದು ಹೋಗಿ ಬರಬಹುದು. ರಾತ್ರಿಯಿಡೀ ನಡೆಯುವ ಯಕ್ಷಗಾನದ ಆಟದಲ್ಲಿ ನಾವೂ ನಡುವೆ ಚಾ ಕುಡಿದು ಬಂದು ಕೂರುತ್ತೇವೆ, ಅಲ್ವಾ? ಭಾಗವತರು ಒಂದೇ ಸಾಲನ್ನು ಮತ್ತೆ ಮತ್ತೆ ಎತ್ತಿಕೊಂಡರೆ, ವೇಷಧಾರಿ ಪ್ರತಿ ಸಲ ಅಭಿನಯ ಬೆಳೆಸಿದರೆ, ನಮಗೆ ಖುಷಿಯೇ ಜಾಸ್ತಿ. ಶುರು ಮಾಡುವುದಾದರೆ ಆ ಕೋರ್ಟು-ಜೈಲಿನ ದೃಶ್ಯವನ್ನೇ ಮೊದಲು ಕೇಳಿ. ಕಥೆ ಹುಡುಕಬೇಡಿ, ಸುಮ್ನೆ ಲಯ ಹಿಡಿಯಿರಿ.